ಚೀಟಿಯಲ್ಲಿ ಇದ್ದ ಹಾಗೆ

ಮಾರ್ಚ್ 3

ಮೂರನೇ ಮಹಡಿ, ಐವತ್ತನಾಲ್ಕು ಮೆಟ್ಟಿಲು, ಲಿಫ್ಟ್ ಇಲ್ಲ. ಲಿಫ್ಟ್ ರಿಪೇರಿ ಮಾಡುವವನ ಮನೆಗೆ ಹೋಗಲು ನಾನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಬೇಕು. ದೇವರಿಗೂ ತಮಾಷೆ ಬೇಕೆನಿಸುತ್ತದೆ.

ಕಳೆದ ವಾರ ನನ್ನ ತಮ್ಮ ಪುಟ್ಟ ಇದೇ ಮೆಟ್ಟಿಲ ಮೇಲೆ ಕುಸಿದು ಬಿದ್ದನಂತೆ. ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಬದಲಾಯಿಸಬೇಕು ಎಂದಿದ್ದಾರೆ ಡಾಕ್ಟರು. ದಿನ ಗೊತ್ತಾಗುವವರೆಗೆ ಹಗಲಿಡೀ ಯಾರಾದರೂ ಜೊತೆಗಿರಬೇಕು. ಅವನು ಕೆಲಸಕ್ಕೆ ಹೋಗುತ್ತಾನೆ. ಅವನು ಎಂದರೆ ಲಿಫ್ಟಿನವನು, ಪುಟ್ಟ ಇಪ್ಪತ್ತೆರಡು ವರ್ಷದಿಂದ ಜೊತೆಗಿರುವ ಮನುಷ್ಯ. ಹಾಗಾಗಿ ನಾನು ಬಂದೆ. ಅಕ್ಕ ಅಂತ ಒಬ್ಬಳು ಇರುವುದು ಇದಕ್ಕೇ ತಾನೇ.

ಇಪ್ಪತ್ತೆರಡು ವರ್ಷದಲ್ಲಿ ಈ ಮನೆಗೆ ಬಂದಿದ್ದು ನಾಲ್ಕು ಸಲ. ನಾಲ್ಕು ಸಲವೂ ಬಾಗಿಲಲ್ಲೇ ನಿಂತು, ಕೊಡುವುದು ಕೊಟ್ಟು ಹಿಂದಿರುಗಿದ್ದೆ. ಇವತ್ತು ಒಳಗೆ ಕೂತೆ.

"ಬನ್ನಿ ಅಕ್ಕ, ಸುಸ್ತಾಗಿದೀರಾ, ನೀರು ಕುಡೀರಿ" ಎಂದ ಲಿಫ್ಟಿನವನು. ನಾನು ಯಾವ ಸೀಮೆ ಅಕ್ಕ ಇವನಿಗೆ? ನೀರು ಕುಡಿದೆ. ಬಾಯಾರಿತ್ತು.

ಮಾರ್ಚ್ 5

ಉಪ್ಪಿಲ್ಲದ ಅಡುಗೆ, ಎಂಟು ಮಾತ್ರೆ, ಎರಡು ಸಲ ಬಿ.ಪಿ. ನೋಡುವುದು. ಐವತ್ತೊಂದು ವರ್ಷವಾದರೂ ಪುಟ್ಟ ಪುಟ್ಟನೇ. ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ನುಂಗಿದೆ ಎನ್ನುತ್ತಾನೆ. "ಬಾಯಿ ತೆಗಿ" ಎಂದೆ. ತೆಗೆದ. ಸಿಕ್ಕಿಬಿದ್ದ.

ಲಿಫ್ಟಿನವನ ಮತ ಬೇರೆ, ನಮ್ಮದು ಬೇರೆ. ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯ ಕಿಟಕಿ ಕಡೆ ತಿರುಗಿ ತುಟಿಯಲ್ಲೇ ಏನೋ ಗುನುಗುತ್ತಾನೆ. ಮೂರು ನಿಮಿಷ. ಅಷ್ಟು ಹೊತ್ತು ಒಲೆಯ ಹತ್ತಿರ ಹೋಗುವ ಹಾಗಿಲ್ಲ, ಹಾಲು ಉಕ್ಕಿದರೂ ನೋಡುತ್ತ ನಿಲ್ಲಬೇಕು. ಇಕ್ಕಟ್ಟಿನ ಮನೆ. ದೇವರು ಇಬ್ಬರು, ಬಚ್ಚಲು ಒಂದು.

"ಇದನ್ನ ಬಾಲ್ಕನಿಯಲ್ಲಿ ಮಾಡೋಕಾಗಲ್ವಾ?" ಎಂದು ಕೇಳಿಯೇಬಿಟ್ಟೆ.

"ಆಗುತ್ತೆ ಅಕ್ಕ" ಎಂದು ಬಾಲ್ಕನಿಗೆ ಹೋದ. ಜಗಳ ಆಡಲೂ ಬರುವುದಿಲ್ಲ ಇವನಿಗೆ. ಪುಟ್ಟ ನನ್ನ ಮುಖ ನೋಡಲಿಲ್ಲ.

ಮಾರ್ಚ್ 8

ಸೊಂಟ ನೋವು. ಪುಟ್ಟನ ಕಾಲು ಊದಿದೆ.

ಸಂಜೆ ಊಟಕ್ಕೆ ಕೂತಾಗ ಲಿಫ್ಟಿನವನಿಗೆ ಫೋನು. ಯಾವುದೋ ಕಟ್ಟಡದಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಆ ಕಟ್ಟಡದ ಹತ್ತಿರ ಇನ್ನೊಬ್ಬ ಮೆಕ್ಯಾನಿಕ್ ಇದ್ದಾನೆ, ಅವನು ತಲುಪುವವರೆಗೆ ಇವನು ಮಾತಾಡಬೇಕು. ಅನ್ನ ಕಲಸಿದ ಕೈ ಹಾಗೇ ಇಟ್ಟುಕೊಂಡು ಇಪ್ಪತ್ತು ನಿಮಿಷ ಮಾತಾಡಿದ. "ನೆಲದ ಮೇಲೆ ಕೂತ್ಕೊಳ್ಳಿ ಮೇಡಂ. ಗಾಳಿ ಬರ್ತಾ ಇದೆ, ಮೇಲೆ ಸಂದಿ ಇದೆ ನೋಡಿ. ಬೀಳಲ್ಲ, ನಾನು ಹೇಳ್ತಿದೀನಲ್ಲ. ಮನೇಲಿ ಯಾರ್ಯಾರಿದಾರೆ?" ಆಕೆ ಅಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಕೊನೆಗೆ ನಕ್ಕದ್ದೂ ಕೇಳಿಸಿತು.

ನಾನು ಮೂವತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದವಳು. ದನಿ ಎಂದರೆ ಏನೆಂದು ಗೊತ್ತು. ಇದು ಕಲಿತು ಬಂದ ದನಿಯಲ್ಲ. ಅನ್ನ ತಣ್ಣಗಾಗಿತ್ತು, ಬಿಸಿ ಮಾಡಿಕೊಟ್ಟೆ. ಅಷ್ಟೇ, ಬೇರೇನಿಲ್ಲ.

ಮಾರ್ಚ್ 11

ದಿನ ಗೊತ್ತಾಯಿತು. ಇಪ್ಪತ್ತೆರಡನೇ ತಾರೀಕು ಆಪರೇಷನ್. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಹತ್ತರಲ್ಲಿ ಒಬ್ಬರು ಏಳುವುದಿಲ್ಲ ಎಂದರು. ನಾನು ಇನ್ನೊಮ್ಮೆ ಹೇಳಿ ಎಂದೆ. ಪುಟ್ಟ ಮಾತ್ರ ಬಸ್ಸಿನ ವೇಳಾಪಟ್ಟಿ ಕೇಳಿದವನ ಹಾಗೆ ತಲೆಯಾಡಿಸಿದ.

ಮನೆಗೆ ಬಂದ ಮೇಲೆ, "ಅಕ್ಕಾ, ಒಂದು ಕೇಳ್ಲಾ?" ಎಂದ.

"ಉಪ್ಪು ಬಿಟ್ಟು ಏನಾದ್ರೂ ಕೇಳು."

"ನಮ್ಮ ಮಂದಿರದಲ್ಲಿ ನನ್ನ ಚೀಟಿ ಓದು."

ನಮ್ಮ ಪ್ರಾರ್ಥನಾಮಂದಿರದಲ್ಲಿ ವಾರಕ್ಕೊಮ್ಮೆ ಕಾಯಿಲೆಯವರ ಚೀಟಿ ಓದುತ್ತೇವೆ. ಹೆಸರು ಓದುವುದಿಲ್ಲ, ಹೆಸರು ಮೇಲಿನವನಿಗೆ ಗೊತ್ತಿರುತ್ತದೆ. ಯಾರು ಯಾರಿಗೆ ಏನಾಗಬೇಕು ಎನ್ನುವುದನ್ನಷ್ಟೇ ಓದುತ್ತೇವೆ. "ಒಬ್ಬ ತಾಯಿಗೆ ಮಗ, ಜ್ವರ." ಕೂತ ಅರವತ್ತು ಜನ ಒಟ್ಟಿಗೆ "ನಮ್ಮವರು" ಎನ್ನುತ್ತಾರೆ. "ಒಬ್ಬ ಹೆಂಡತಿಗೆ ಗಂಡ, ಮೂತ್ರಪಿಂಡ." "ನಮ್ಮವರು." ಹತ್ತೊಂಬತ್ತು ವರ್ಷದಿಂದ ಓದುವವಳು ನಾನು. ಬಸ್ ನಿಲ್ದಾಣದ ದನಿ ಅಲ್ಲವೇ, ಹಿಂದಿನ ಸಾಲಿಗೂ ಕೇಳುತ್ತದೆ ಎಂದು ಕೂರಿಸಿದ್ದಾರೆ.

ಪುಟ್ಟ ಆ ಮಂದಿರದ ಮೆಟ್ಟಿಲು ತುಳಿಯದೆ ಇಪ್ಪತ್ತೆರಡು ವರ್ಷವಾಯಿತು. ಬರಬೇಡ ಎಂದು ಯಾರೂ ಹೇಳಲಿಲ್ಲ. ಅವನು ಕೂತ ಬೆಂಚಿನಿಂದ ಎಲ್ಲರೂ ಎದ್ದು ಹೋಗುತ್ತಿದ್ದರು. ಅಷ್ಟು ಸಾಕಾಯಿತು. ನಾನು ಬೇರೆ ಬೆಂಚಿನಲ್ಲಿ ಕೂರುತ್ತಿದ್ದೆ, ಏಳುವ ಪ್ರಶ್ನೆ ಬರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

"ಒಬ್ಬ ಅಕ್ಕನಿಗೆ ತಮ್ಮ ಅಂತ ಓದ್ತೀನಿ ಬಿಡು" ಎಂದೆ.

"ಚೀಟಿ ಬರೆಯೋದು ಒಂದೇ ಮನೇಲಿ ಇರೋರು, ಅಲ್ವಾ? ನಿಂದೇ ಕಾನೂನು."

ನನ್ನದೇ. ದೊಡ್ಡಮ್ಮ, ಚಿಕ್ಕಪ್ಪ ಬರೆದು ತಂದ ಚೀಟಿಗಳನ್ನು ಎಷ್ಟೋ ಸಲ ವಾಪಸ್ ಕಳಿಸಿದ್ದೇನೆ. ಜೊತೆಯಲ್ಲಿ ಇರುವವರಿಗೇ ಕಾಯಿಲೆ ಗೊತ್ತು ಎಂದು ಉಪನ್ಯಾಸ ಬೇರೆ ಕೊಟ್ಟಿದ್ದೇನೆ. ಈಗ ಅದೇ ನನ್ನ ಕೊರಳಿಗೆ ಬಂತು.

"ಅವನೇ ಬರೀಲಿ. ಇರೋ ಹಾಗೆ ಬರೀಲಿ. ಒಂದೇ ಒಂದು ಸಲ ಅಕ್ಕಾ. ನಾನು ಏಳದೇ ಇದ್ರೆ?" ಎಂದ.

ಹೂಂ ಎಂದೆ. ಕಾಯಿಲೆಯವನ ಹತ್ತಿರ ಊಹೂಂ ಎನ್ನಲು ನನಗೆ ಬರುವುದಿಲ್ಲ. ಬರೆಯುವುದನ್ನು ಬರೆದುಕೊಳ್ಳಲಿ. ಓದುವಾಗ ನಾನು ಸರಿಮಾಡಿಕೊಂಡು ಓದುತ್ತೇನೆ.

ಮಾರ್ಚ್ 14

ಲಿಫ್ಟಿನವನು ಸರ್ವಿಸ್ ಪುಸ್ತಕದ ಹಾಳೆ ಹರಿದು, ಹಿಂಬದಿಯಲ್ಲಿ ಬರೆದು ಕೊಟ್ಟ. ಬರೆಯಲು ಅರ್ಧ ಗಂಟೆ ತೆಗೆದುಕೊಂಡ. ನಾನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಓದಲಿಲ್ಲ. ಓದಿದರೆ ತಲೆ ಕೆಡುತ್ತದೆ.

ಮಾರ್ಚ್ 16

ಏನು ಮಾಡಿದೆ ನಾನು!

ಬೆಳಿಗ್ಗೆ ಪುಟ್ಟನಿಗೆ ಉಸಿರು ಕಟ್ಟಿತು. ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಹಾಕಿಸಿ, ವಾಪಸ್ ಬಂದು ಮಲಗಿಸಿ, ಎರಡು ಬಸ್ ಬದಲಿಸಿ ಮಂದಿರಕ್ಕೆ ಹೋಗುವಷ್ಟರಲ್ಲಿ ಹಾಡು ಮುಗಿದಿತ್ತು. ಕೂತೆ, ಮೈಕ್ ಹಾಕಿದೆ, ಚೀಟಿಗಳ ಕಟ್ಟು ಬಿಚ್ಚಿದೆ. ಕಣ್ಣು ಉರಿಯುತ್ತಿತ್ತು.

ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಚೀಟಿ ಒಳಗೆ ಬರುತ್ತದೆ. ಅದರಲ್ಲಿ ಇದ್ದದ್ದನ್ನು ಕೂಗಬೇಕು, ಯೋಚನೆ ಮಾಡಬಾರದು. ಯೋಚನೆ ಮಾಡಿದರೆ ಬಸ್ಸು ಹೋಗಿಬಿಡುತ್ತದೆ. ಮೂವತ್ತು ವರ್ಷ ಹಾಗೆ ಕೂಗಿದ ಬಾಯಿ ಇದು. ಏಳನೆಯ ಚೀಟಿ ಕೈಗೆ ಬಂತು, ಬಾಯಿ ಓದಿತು.

"ಒಬ್ಬ ಗಂಡಸಿಗೆ ಅವನ ಬಾಳಸಂಗಾತಿಯಾದ ಗಂಡಸು, ಇಪ್ಪತ್ತೆರಡು ವರ್ಷ, ಹೃದಯ."

ಓದಿ ಮುಗಿದ ಮೇಲೆ ನನ್ನ ಕಿವಿಗೆ ಬಿತ್ತು. ಅಷ್ಟರಲ್ಲಿ ಅರವತ್ತು ಜನ ಒಂದೇ ಉಸಿರಿಗೆ "ನಮ್ಮವರು" ಎಂದುಬಿಟ್ಟರು. ಅವರಿಗೂ ಅಭ್ಯಾಸ. ನಾನು ಯೋಚಿಸದೆ ಓದಿದೆ, ಅವರು ಯೋಚಿಸದೆ ಹೇಳಿದರು.

ಆಮೇಲೆ ಅವರ ಕಿವಿಗೂ ಬಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದೋ ಮಗು ಕಿಸಕ್ಕೆಂದಿತು. ಎಂಟನೆಯ ಚೀಟಿ ಓದಿದೆ, "ಒಬ್ಬ ಮಗಳಿಗೆ ತಂದೆ, ಕಾಲು ಮುರಿತ." ಪಾಪ, ಆ ತಂದೆಗೆ ಅರ್ಧ ಜನವೂ ಉತ್ತರ ಕೊಡಲಿಲ್ಲ.

ಹೊರಗೆ ಬಂದಾಗ ನನ್ನ ಹತ್ತಿರ ಯಾರೂ ನಿಲ್ಲಲಿಲ್ಲ.

ಮನೆಯಲ್ಲಿ ಪುಟ್ಟ ದಿಂಬಿಗೊರಗಿ ಕಾಯುತ್ತಿದ್ದ. "ಓದಿದ್ಯಾ?"

"ಓದಿದೆ. ಇದ್ದ ಹಾಗೇ."

"ಏನಂದ್ರು?"

"ನಮ್ಮವರು ಅಂದ್ರು. ಎಲ್ಲರೂ."

ಇದರಲ್ಲಿ ಸುಳ್ಳು ಒಂದಕ್ಷರ ಇಲ್ಲ. ಪುಟ್ಟ ಮುಖ ಮುಚ್ಚಿಕೊಂಡ. ಲಿಫ್ಟಿನವರು ಬಾಗಿಲಲ್ಲಿ ನಿಂತಿದ್ದರು, ಸ್ಪ್ಯಾನರ್ ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಸಿಗೆ ಮೇಲೆ ಇಟ್ಟರು. ಬೈಯಲಿಲ್ಲ ನಾನು.

ಮಾರ್ಚ್ 17

ತಲೆನೋವು. ಮೂರು ಸಲ ಫೋನು ಬಂತು, ಮಂದಿರದವರು. ತೆಗೆಯಲಿಲ್ಲ. ಬಟ್ಟೆ ಒಗೆದೆ.

ಮಾರ್ಚ್ 19

ಮಂದಿರದ ಹಿರಿಯರೇ ಬಂದರು, ಹೆಂಡತಿಯ ಜೊತೆ. ಮೇಲೆ ಬರಲಿಲ್ಲ. ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಹೇಳಿ ಕಳಿಸಿದರು. ವಯಸ್ಸು ಎಪ್ಪತ್ತೆಂಟು, ನಿಜವೂ ಇರಬಹುದು. ನಾನೇ ಇಳಿದು ಹೋದೆ. ಕಟ್ಟಡದ ಮುಂದಿನ ಕಲ್ಲುಬೆಂಚಿನ ಮೇಲೆ ಮೂವರೂ ಕೂತೆವು.

"ನೋಡಮ್ಮ, ಕಣ್ತಪ್ಪಿನಿಂದ ಆಗಿದೆ ಅಂತ ನಂಗೊತ್ತು. ಇಪ್ಪತ್ತಮೂರಕ್ಕೆ ಮೈಕಲ್ಲಿ ತಿದ್ದಿಬಿಡು. 'ಹೋದ ವಾರ ತಪ್ಪಾಗಿ ಓದಿದೆ, ಒಬ್ಬ ಅಕ್ಕನಿಗೆ ತಮ್ಮ' ಅಂತ. ಎಲ್ಲರಿಗೂ ಸಮಾಧಾನ ಆಗುತ್ತೆ."

ಇವರು ಕೆಟ್ಟವರಲ್ಲ. ಅಮ್ಮ ಸಾಯುವಾಗ ಮೂರು ದಿನ ಹಾಸಿಗೆ ಪಕ್ಕ ಕೂತು ಪ್ರಾರ್ಥನೆ ಹೇಳಿದವರು. ಅದಕ್ಕೇ ಕಷ್ಟ. ಕೆಟ್ಟವರಾಗಿದ್ದರೆ ಅಲ್ಲೇ ನಾಲ್ಕು ಮಾತು ಬಿಸಾಕಿ ಮೇಲೆ ಬರುತ್ತಿದ್ದೆ.

"ಅವನಿಗೆ ನಾನು ಕೆಟ್ಟದ್ದು ಬಯಸ್ತೀನಾ? ಮನೇಲಿ ದಿನಾ ಪ್ರಾರ್ಥನೆ ಮಾಡ್ತಿದೀನಿ ಅವನಿಗೆ. ಆದ್ರೆ ಇಡೀ ಸಭೆ ಬಾಯಲ್ಲಿ ಅದನ್ನ ಹೇಳಿಸಬಾರದಿತ್ತು. ಒಪ್ಪಿಕೊಂಡ ಹಾಗಾಯ್ತಲ್ಲ. ಅದೂ ಬರೆದೋನು ನಮ್ಮ ಮತದೋನೇ ಅಲ್ಲ."

"ನಮ್ಮ ಮತದವರು ಯಾರೂ ಅವನ ಮನೇಲಿ ಇರಲಿಲ್ಲವಲ್ಲ, ಬರೆಯೋಕೆ" ಎಂದೆ. ಬಾಯಿ ತಪ್ಪಿ ಬಂತು.

ನಾನು ಮುಂದುವರಿಸಿದೆ. "ಬಸ್ ನಿಲ್ದಾಣದಲ್ಲಿ ನಾನೂ ತಿದ್ದಿದೀನಿ ಹಿರಿಯರೇ. ಬಸ್ ಬರುತ್ತೆ ಅಂತ ಕೂಗಿ, ಬರದೇ ಇದ್ರೆ ತಿದ್ತಿದ್ದೆ. ಇಲ್ಲಿ ಬಸ್ಸು ಕಣ್ಣೆದುರು ನಿಂತಿದೆ. ಬಂದಿಲ್ಲ ಅಂತ ಹೇಗೆ ಕೂಗಲಿ?"

"ಹಾಗಾದ್ರೆ ನೀನು ಅವರ ಪರ."

"ನಾನು ಯಾರ ಪರಾನೂ ಅಲ್ಲ. ನಂಗೆ ಸುಸ್ತಾಗಿದೆ."

ಅದು ನಿಜ. ನಾನು ಯಾರ ಪರವೂ ಅಲ್ಲ. ಅವನ ಬದುಕು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ, ಅದನ್ನು ತೂಗುತ್ತ ಕೂರಲು ಪುರುಸೊತ್ತೂ ಇಲ್ಲ. ಎಂಟು ಮಾತ್ರೆ ಹನ್ನೊಂದಾಗಿದೆ.

ಹೊರಡುವಾಗ ಹಿರಿಯರ ಹೆಂಡತಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬಾಯಿಬಿಟ್ಟರು. "ಮಲಗೋಕೆ ಆಗುತ್ತಾ ಅವನಿಗೆ?"

"ಕೂತೇ ನಿದ್ದೆ ಮಾಡ್ತಾನೆ. ಮಲಗಿದ್ರೆ ಉಸಿರು ಕಟ್ಟುತ್ತೆ. ಚೀಟಿ ಬರೆದವರು ಅವನ ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತಾರೆ" ಎಂದೆ. ಆಕೆ ತಲೆಯಾಡಿಸಿದರು.

ಮಾರ್ಚ್ 21

ಆಸ್ಪತ್ರೆಗೆ ಸೇರಿಸಿದೆವು. ಲಿಫ್ಟ್ ಇದೆ ಇಲ್ಲಿ, ನಾಲ್ಕು. ಮೂರನೆಯದು ಕಿರುಗುಟ್ಟುತ್ತದೆ ಎಂದು ಲಿಫ್ಟಿನವರಿಗೆ ಸಮಾಧಾನವಿಲ್ಲ, ಎರಡು ಸಲ ಹೋಗಿ ಕಿವಿಗೊಟ್ಟು ಬಂದರು. "ನನ್ನ ಬಿಟ್ಟು ಅದನ್ನೇ ಮದುವೆ ಆಗು" ಎಂದ ಪುಟ್ಟ. ಮೂವರೂ ನಕ್ಕೆವು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ನೋಡಲಿ.

ಪುಟ್ಟ ಸಂತೋಷವಾಗಿದ್ದಾನೆ. ಬಂದ ನರ್ಸಿಗೆಲ್ಲ "ನಮ್ಮ ಮಂದಿರದಲ್ಲಿ ನಂಗೋಸ್ಕರ ಪ್ರಾರ್ಥನೆ ಮಾಡಿದಾರೆ" ಎನ್ನುತ್ತಾನೆ. ಅದು ಅಭ್ಯಾಸಬಲದಿಂದ ಆದದ್ದು, ಈಗ ವಾಪಸ್ ಕೇಳುತ್ತಿದ್ದಾರೆ ಎಂದು ಹೇಗೆ ಹೇಳಲಿ? ನಾಳೆ ಎದೆ ಸೀಳಿಸಿಕೊಳ್ಳುವವನಿಗೆ?

ಹೇಳಲಿಲ್ಲ.

ಮಾರ್ಚ್ 22

ಏಳಕ್ಕೆ ಒಳಗೆ ಕರೆದೊಯ್ದರು. ಮಧ್ಯಾಹ್ನ ಎರಡೂವರೆಗೆ ಹೊರಗೆ ತಂದರು. ಹೃದಯ ಶುರುವಾಗಲು ತಡ ಮಾಡಿತಂತೆ. ಇನ್ನೂ ಮಷಿನ್ನಿನಲ್ಲೇ ಇದ್ದಾನೆ, ಎಚ್ಚರ ಇಲ್ಲ. ಎರಡು ದಿನ ಏನೂ ಹೇಳಲಾಗುವುದಿಲ್ಲ ಎಂದರು.

ಏಳೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದೆವು. ನಾನು ನಮ್ಮ ಪ್ರಾರ್ಥನೆ ಶುರು ಮಾಡಿದೆ, ಎರಡನೆಯ ಸಾಲಿಗೇ ಮರೆತುಹೋಯಿತು. ಚಿಕ್ಕಂದಿನಿಂದ ಹೇಳಿದ್ದು, ಮರೆತುಹೋಯಿತು! "ನೀವು ನಿಮ್ಮದನ್ನ ಹೇಳಿ" ಎಂದೆ ಇವರಿಗೆ. "ಇಲ್ಲೇನಾ?" ಎಂದರು. "ಮತ್ತೆಲ್ಲಿ?" ಎಂದೆ. ಹೇಳಿದರು. ಅರ್ಥವಾಗಲಿಲ್ಲ, ಆದರೂ ಕೇಳುತ್ತ ಕೂತೆ.

ಆಮೇಲೆ ಇವರೇ ಮಾತು ತೆಗೆದರು. ಹಿರಿಯರು ಬಂದುಹೋದದ್ದು ಬಾಲ್ಕನಿಯಿಂದ ಕಂಡಿತ್ತಂತೆ, ಯಾಕೆ ಬಂದಿದ್ದರೆಂದು ಊಹಿಸಿದ್ದರಂತೆ. "ಅಕ್ಕ, ನಾಳೆ 'ಅಕ್ಕನಿಗೆ ತಮ್ಮ' ಅಂತಾನೇ ಓದಿಬಿಡಿ. ಅವನಿಗೆ ಗೊತ್ತಾಗಲ್ಲ. ನೀವು ಯಾಕೆ ನಿಮ್ಮ ಜನರನ್ನ ಕಳ್ಕೋಬೇಕು?"

ಎಲ್ಲಿತ್ತೋ ಸಿಟ್ಟು. "ನಿಮ್ಮ ಬುದ್ಧಿವಾದ ನಿಮ್ಮ ಲಿಫ್ಟಿಗೆ ಇಟ್ಕೊಳ್ಳಿ. ವಾರಕ್ಕೊಂದು ಹೊಸ ಚೀಟಿ ಬೇಕು. ಹಾಳೆ ತೆಗೀರಿ, ಬರೀರಿ" ಎಂದೆ. ಮೊಣಕಾಲ ಮೇಲೆ ಹಾಳೆ ಇಟ್ಟು ಬರೆದರು. ಅಕ್ಷರ ಓದುವ ಹಾಗೇ ಇಲ್ಲ.

ಮಾರ್ಚ್ 23

ಮಂದಿರ ತುಂಬಿತ್ತು. ಮಾಮೂಲಿಗಿಂತ ಜಾಸ್ತಿ. ತಿದ್ದುವುದನ್ನು ಕೇಳಲು ಬಂದವರು.

ಹನ್ನೊಂದು ಚೀಟಿ. ಇದನ್ನು ಕೊನೆಗಿಟ್ಟುಕೊಂಡೆ. ಮುಂದಿನ ಸಾಲಿನಿಂದ ಹಿರಿಯರು ನನ್ನನ್ನೇ ನೋಡುತ್ತಿದ್ದರು. ಈ ಸಲ ಯೋಚನೆ ಮಾಡಿಯೇ ಓದಿದೆ, ಒಂದೊಂದೇ ಪದ.

"ಒಬ್ಬ ಗಂಡಸಿಗೆ ಅವನ ಬಾಳಸಂಗಾತಿಯಾದ ಗಂಡಸು, ಇಪ್ಪತ್ತೆರಡು ವರ್ಷ, ಹೃದಯ. ಎಚ್ಚರ ಇಲ್ಲ."

ಇಷ್ಟು ಜನರ ಬಾಯಿ ಒಟ್ಟಿಗೆ ಮುಚ್ಚಿದ್ದನ್ನು ನಾನು ನೋಡಿರಲಿಲ್ಲ.

ಆಗ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ "ನಮ್ಮವರು" ಎಂದಿತು. ಹಿರಿಯರ ಹೆಂಡತಿ. ಹಿರಿಯರು ತಿರುಗಿ ನೋಡಿದರು, ಆಕೆ ನೇರ ನನ್ನ ಕಡೆ ನೋಡುತ್ತಿದ್ದರು. ಆಮೇಲೆ ಬೇಕರಿಯವನು, ಅವನ ಮಗಳು. ಸ್ಕೂಲ್ ವ್ಯಾನ್ ಓಡಿಸುವವಳು. ಕೊನೆಗೆ ಹಿಂದಿನಿಂದ ಒಂದು ಗಂಡು ದನಿ, ಯಾರದೆಂದು ಗೊತ್ತಾಗಲಿಲ್ಲ. ಕಿವುಡಜ್ಜನೂ ಹೇಳಿದ, ಅವನು ಎಲ್ಲದಕ್ಕೂ ಹೇಳುತ್ತಾನೆ, ಲೆಕ್ಕಕ್ಕೆ ಹಿಡಿದಿಲ್ಲ.

ಮುಗಿದ ಮೇಲೆ ಹಿರಿಯರು ಮೆತ್ತಗೆ ಹೇಳಿದರು. "ಮುಂದಿನ ವಾರದಿಂದ ಓದೋಕೆ ಬೇರೆಯವರನ್ನ ನೋಡ್ಕೋತೀವಮ್ಮ." ಮೈಕಿನ ಪೆಟ್ಟಿಗೆಯ ಬೀಗದಕೈ ಕೊಟ್ಟೆ. ಹಗುರಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಹತ್ತೊಂಬತ್ತು ವರ್ಷ ಎಂದರೆ ಕಡಿಮೆಯೇನಲ್ಲ.

ಆಸ್ಪತ್ರೆಯಲ್ಲಿ ಹಾಗೇ ಇದ್ದಾನೆ.

ಮಾರ್ಚ್ 24

ಹಾಗೇ.

ಮಾರ್ಚ್ 27

ನಿನ್ನೆ ಕೊಳವೆ ತೆಗೆದರು. ಇವತ್ತು ವಾರ್ಡಿಗೆ ತಂದರು. ಪುಟ್ಟ ಕಣ್ಣು ಬಿಟ್ಟು ಮೊದಲು ಕೇಳಿದ್ದು ಇವರನ್ನು, ನನ್ನನ್ನಲ್ಲ. ಎತ್ತಿ ಆಡಿಸಿದವಳು ನಾನು, ಮಾತ್ರೆ ನುಂಗಿಸಿದವಳು ನಾನು. ಇರಲಿ. ಇವರು ಹಾಸಿಗೆಯ ಆ ಕಡೆ, ನಾನು ಈ ಕಡೆ ಕೂತೆವು.

ಮಧ್ಯಾಹ್ನ ಎಚ್ಚರವಾದಾಗ ಗಂಟಲು ಕಟ್ಟಿದ ದನಿಯಲ್ಲಿ, "ಇಪ್ಪತ್ತಮೂರಕ್ಕೂ ಓದಿದ್ಯಂತೆ?" ಎಂದ. ಇವರ ಕಡೆ ಕಣ್ಣು ಬಿಟ್ಟೆ. ಇವರು ಕಿಟಕಿ ನೋಡಿದರು.

"ಓದಿದೆ."

"ಎಷ್ಟು ಜನ ಹೇಳಿದ್ರು?"

ಅರವತ್ತು ಎನ್ನಬಹುದಿತ್ತು. ನಾಲಗೆ ತುದಿಯವರೆಗೆ ಬಂದಿತ್ತು. "ಐದು" ಎಂದೆ. "ಮೊದಲ ಸಲ ಹೇಳಿದ್ದು ಅಭ್ಯಾಸಕ್ಕೆ ಕಣೋ. ನಾನು ಓದಿದ್ದೂ ಅಭ್ಯಾಸಕ್ಕೇ. ತಿದ್ದಿ ಓದಬೇಕು ಅಂತಿದ್ದೆ. ಸುಸ್ತಲ್ಲಿ ಮರೆತೆ."

"ಗೊತ್ತು ಕಣೇ ಅಕ್ಕ. 'ಎಲ್ಲರೂ' ಅಂತ ನೀನು ಅಂದಾಗ್ಲೇ ಗೊತ್ತಾಯ್ತು. ನಿನ್ನ ಮುಖಾನೂ ನೋಡಿದ್ನಲ್ಲ. ಆದ್ರೂ ಚೆನ್ನಾಗಿತ್ತು, ಸುಮ್ನಿದ್ದೆ." ಉಸಿರಾಡಿಕೊಂಡ. "ಐದಾ? ಯಾರ್ಯಾರು?"

ಹೇಳಿದೆ. ಹಿರಿಯರ ಹೆಂಡತಿ ಎಂದಾಗ ಅವನ ಕಣ್ಣು ತುಂಬಿತು. ಮತ್ತೆ ಬೆರಳು ಮಡಚಿ ಎಣಿಸಿದ, ಬೆರಳಿಗೆ ಕ್ಲಿಪ್ ಹಾಕಿದ್ದರು, ಮಷಿನ್ನು ಕುಯ್‌ಗುಟ್ಟಿತು.

"ಐದು ಅಂದ್ರೆ, ನಿನ್ನ ಸೇರಿಸಿನಾ?"

ಓದುವವಳು ಹೇಳುವ ಪದ್ಧತಿ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಚೀಟಿ ಓದಿದ್ದೇನೆ, ಒಂದಕ್ಕೂ ನನ್ನ ಬಾಯಲ್ಲಿ ಆ ಮಾತು ಬಂದಿಲ್ಲ. ಅಮ್ಮನ ಚೀಟಿಗೂ ಬಂದಿಲ್ಲ. ಅದನ್ನೆಲ್ಲ ಇವನಿಗೆ ವಿವರಿಸುವಷ್ಟು ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಇಲ್ಲ. ನನ್ನ ಸೇರಿಸಿದ್ರೆ ಆರು" ಎಂದೆ.

"ಸೇರಿಸಿದ್ರೆ ಅಂದ್ರೇನು? ಹೇಳು ಮತ್ತೆ."

"ಇಲ್ಲೇನಾ?"

"ಮತ್ತೆಲ್ಲಿ?"

ನಾಲ್ಕು ಹಾಸಿಗೆಯ ವಾರ್ಡು. ಎದುರು ಹಾಸಿಗೆಯ ಹೆಂಗಸು ಗಂಡನಿಗೆ ಕಿತ್ತಳೆ ಸುಲಿಯುತ್ತಿದ್ದಳು. ಮೂಲೆಯಲ್ಲಿ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರು. ಪುಟ್ಟ ನನ್ನನ್ನು ನೋಡುತ್ತಿದ್ದ. ಇವರೂ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದರು. ಎದ್ದು ನಿಂತೆ, ಕೂತು ಹೇಳಲು ಬರಲಿಲ್ಲ. ಇಬ್ಬರನ್ನೂ ನೋಡುತ್ತ ಹೇಳಿದೆ.

"ನಮ್ಮವರು."

ಮೈಕಿಲ್ಲದೆ ಹೇಳಿ ಅಭ್ಯಾಸವಿಲ್ಲ, ಅಳತೆ ಸಿಗಲಿಲ್ಲ. ಬಸ್ ನಿಲ್ದಾಣದ ದನಿಯೇ ಬಂದುಬಿಟ್ಟಿತು. ಕಿತ್ತಳೆ ಕೆಳಗೆ ಬಿತ್ತು. ನರ್ಸ್ ಓಡಿ ಬಂದು, "ಅಮ್ಮಾ, ಇದು ಆಸ್ಪತ್ರೆ, ಹಾಗೆಲ್ಲ ಕೂಗಬಾರದು!" ಎಂದು ಬೈದಳು.